ಹಿತ್ತಲ ಬಾಗಿಲಿಗೆ ಬಿದ್ದ ಬೀಗ

ಕೂಡ್ಲಿಗಿಯ ಆ ಹಳೆಯ ಮಾಳಿಗೆ ಮನೆಯನ್ನು ನಮ್ಮ ಕೇರಿಯವರು ಇವತ್ತಿಗೂ ಬಂದವರಿಗೆ ತೋರಿಸುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಅದನ್ನು ಕೊಂಡಾಗ, ಆ ಓಣಿಗೆ ಕಾಲಿಟ್ಟ ಮೊದಲ ದಲಿತ ಕುಟುಂಬ ನಮ್ಮದು.

ಅಪ್ಪ ಹೈಸ್ಕೂಲು ಮೇಷ್ಟ್ರು, ಓಣಿಯ ಮಕ್ಕಳಿಗೆಲ್ಲ ಗಣಿತ ಕಲಿಸಿದವರು. ಹಾಗಾಗಿ ಮೊದಲು ಬಾಡಿಗೆಗೆ ಕೇಳಿದಾಗ ಯಾರೂ ಒಲ್ಲೆ ಎನ್ನಲಿಲ್ಲ. ಎಲ್ಲರ ಮನೆಗೂ ಇದ್ದಕ್ಕಿದ್ದಂತೆ ಬೀಗರು ಬಂದು ನೆಲೆಸುವವರಿದ್ದರು, ಅಷ್ಟೆ. ಕೊನೆಗೆ ಮಕ್ಕಳಿಲ್ಲದ ಮುದುಕಿಯೊಬ್ಬರು ತಮ್ಮ ಮನೆಯನ್ನೇ ನಮಗೆ ಮಾರಿದರು. ಓಣಿಯ ಹಿರಿಯರು ಹೋಗಿ ಆಕ್ಷೇಪಿಸಿದರೆ, "ಮಾಳಿಗಿ ಸೋರುವಾಗ ಒಬ್ಬರೂ ಬರಲಿಲ್ಲ, ಈಗ ಎಲ್ಲಾರೂ ಬಂದೀರಲ್ಲ" ಎಂದರಂತೆ.

ಹಿರಿಯರು ನಮ್ಮಲ್ಲಿಗೂ ಬಂದರು. "ತಪ್ಪು ತಿಳ್ಕೋಬ್ಯಾಡ್ರಿ ಮೇಷ್ಟ್ರ. ನಮಗೇನೂ ಇಲ್ಲ. ಆದ್ರ ನಿಮ್ಮವರನ್ನ ಬಿಟ್ಟು ನಿಮಗ ಇಲ್ಲಿ ಬ್ಯಾಸರ ಆಗತೈತಿ."

"ಬ್ಯಾಸರ ಆದ್ರ ನಿಮ್ಮ ಮನಿಗೇ ಬಂದು ಕುಂದರತೀನಿ ಬಿಡ್ರಿ" ಎಂದರು ಅಪ್ಪ. ಹಿರಿಯರು ನಿಂತ ಕಾಲಲ್ಲೇ ಹೊರಟರು.

ಆ ಮನೆಯ ಹಿತ್ತಲಲ್ಲಿ ಸಿಹಿನೀರಿನ ಬಾವಿಯಿತ್ತು. ಓಣಿಯೆಲ್ಲ ತಲೆಮಾರುಗಳಿಂದ ಅದನ್ನೇ ಕುಡಿದಿತ್ತು. ನಾವು ಬಂದ ದಿನವೇ ಆ ನೀರು ಮೈಲಿಗೆಯಾಯಿತು, ಎಲ್ಲರೂ ಊರಿನ ಬೋರ್‌ವೆಲ್‌ಗೆ ಹೋಗತೊಡಗಿದರು. ಬೇಸಿಗೆಯಲ್ಲಿ ಬೋರ್‌ವೆಲ್ ಕೆಟ್ಟಿತು ನೋಡಿ, ಮತ್ತೆ ಮಡಿಯಾಯಿತು! ಒಂದು ಬೆಳಿಗ್ಗೆ ಹೆಂಗಸರು ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಬಂದು, ರಾಟೆ ತೊಳೆದು, ತಮ್ಮದೇ ಹಗ್ಗ ಹಾಕಿ ಸೇದುತ್ತಿದ್ದರು. ಅವ್ವನನ್ನು ಕಂಡು ಎದುರು ಮನೆಯಾಕೆ, "ಗಂಗಮ್ಮಗ ಯಾವ ಜಾತಿ ಬಿಡ್ರಿ" ಎಂದಳು.

"ಖರೆ ಐತಿ" ಎಂದಳು ಅವ್ವ. "ಮತ್ತ ಕಳ್ಳರಂಗ ಯಾಕ ಬರ್ತೀರಿ? ಮುಂದಿನ ಬಾಗಿಲಿಂದ ಬರ್ರಿ."

ಅಂದೇ ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಇನ್ನು ನೀರು ಬೇಕೆಂದರೆ ನಮ್ಮ ಪಡಸಾಲೆ, ಅಡುಗೆಮನೆ ದಾಟಿಯೇ ಹೋಗಬೇಕು.

ಮರುದಿನ ಯಾರೂ ಸುಳಿಯಲಿಲ್ಲ. ಆಮೇಲೆ ಎದುರು ಮನೆಯಾಕೆ ಬಂದಳು, ಹಳ್ಳ ದಾಟುವವಳಂತೆ ಸೀರೆ ಎತ್ತಿ ಹಿಡಿದು. ಹಿಂದೆಯೇ ಉಳಿದವರೂ ಬಂದರು. ತುಂಬಿದ ಕೊಡ ಹೊತ್ತು ಏದುಸಿರು ಬಿಡುತ್ತಿದ್ದ ಆಕೆಗೆ ಒಂದು ದಿನ ಅವ್ವ ಚಹಾ ಕೊಟ್ಟಳು. ಆಕೆ ಬಾಗಿಲ ಕಡೆ ನೋಡಿ, ಗಟಗಟ ಕುಡಿದು, "ಸಕ್ರಿ ಜಾಸ್ತಿ ಆತು" ಎಂದಳು. ಅವ್ವ ವರ್ಷಗಟ್ಟಲೆ ಇದನ್ನು ಹೇಳಿಕೊಂಡು ನಕ್ಕಳು.

ಗಂಡಸರಿಗೆ ದಿಗಿಲಾಯಿತು. ಓಣಿಗೊಂದು ನಳ ಹಾಕಿಸಲು ಎಂದೂ ಒಂದಾಗದವರು ಈಗ ಒಟ್ಟಾಗಿ ಓಡಾಡಿ, ಮಳೆಗಾಲಕ್ಕೆ ಮುಂಚೆಯೇ ಪೈಪು ಹಾಕಿಸಿದರು. ನೀರಡಿಕೆಗೆ ಬಾರದ ಒಗ್ಗಟ್ಟು ಜಾತಿಗೆ ಬಂತು. ಆದರೂ ಎದುರು ಮನೆಯಾಕೆ ಚಹಾದ ಹೊತ್ತಿಗೆ ಖಾಲಿ ಕೊಡ ಹಿಡಿದು ಬರುವುದು ನಿಲ್ಲಲಿಲ್ಲ. "ನಳದ ನೀರು ಸಪ್ಪಗೈತ್ರಿ" ಎನ್ನುತ್ತಿದ್ದಳು.

ಕೆಲವು ವರ್ಷಗಳ ನಂತರ ನಮ್ಮವರೇ ಆದ ನರ್ಸ್ ಒಬ್ಬಳು ಅದೇ ಓಣಿಯಲ್ಲಿ ಬಾಡಿಗೆ ಮನೆ ಹುಡುಕಿ ಸೋತಾಗ, ತಮ್ಮ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟವಳು ಎದುರು ಮನೆಯ ಈಕೆಯೇ. ಸಿಟ್ಟಾದ ಗಂಡ ಮನೆಯ ಊಟ ಬಿಟ್ಟು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಣ್ಣತೊಡಗಿದ. ಅಲ್ಲಿ ಅಡುಗೆ ಮಾಡುವವರು ಯಾರೆಂದು ಮಾತ್ರ ಕೇಳಲಿಲ್ಲ.