ಬಾಚಿಗಲೂಪೊ ಮೇಷ್ಟ್ರ ಖಾಲಿ ಕುರ್ಚಿ

ಇಟಲಿಯ ಜೆನೋವಾ ಬಂದರಿನ ಹಳೇ ಮಹಡಿಮನೆಯಲ್ಲಿ ಪ್ರತಿ ಜುಲೈ ನಡೆಯುವ ಮನಃಶಾಸ್ತ್ರದ ಶಿಬಿರವನ್ನು ಬಾಚಿಗಲೂಪೊ ಮೇಷ್ಟ್ರು ತಪ್ಪಿಸಿದವರಲ್ಲ. ಆ ಸೆಕೆಯಲ್ಲೂ ಉಣ್ಣೆ ಕೋಟು, ಅದರ ಜೇಬಿನಲ್ಲಿ ಎಣ್ಣೆ ಜಿನುಗುವ ಫೊಕಾಚ ರೊಟ್ಟಿ. ಅದನ್ನು ಹಾಲು ಕಾಫಿಯಲ್ಲಿ ಅದ್ದಿ ತಿನ್ನುತ್ತ, ನಿನ್ನೆ ಮೊನ್ನೆ ಓದು ಮುಗಿಸಿದ ಹುಡುಗರನ್ನೂ ಡಾಕ್ಟ್ರೇ ಎನ್ನುತ್ತಾರೆ. ಉಪನ್ಯಾಸ ಶುರುವಾದರೆ ಗೊರಕೆ. ತೀರಿಕೊಂಡವರು ಎದುರಿನ ಖಾಲಿ ಕುರ್ಚಿಯಲ್ಲಿ ಕೂತಿದ್ದಾರೆ ಅಂದುಕೊಂಡು ಮಾತಾಡಿ ಎದೆ ಹಗುರ ಮಾಡಿಕೊಳ್ಳುವ ಪಾಠ ಬಂದರೆ ಮಾತ್ರ ಮೊದಲು ಏಳುವವರು ಅವರೇ. "ಶುರುವಾಯ್ತು ನೋಡು ತಾತನ ಸಂಸಾರ," ಎಂದು ಹುಡುಗರು ನಗುತ್ತಾರೆ. ಬೇರೆಯವರು ಮಾತಾಡಿ ಅಳುತ್ತಾರೆ. ಮೇಷ್ಟ್ರು ನಡುನಡುವೆ ಖಾಲಿ ಕುರ್ಚಿಯತ್ತ ಬಾಗಿ ಕೇಳಿಸಿಕೊಳ್ಳುತ್ತಾರೆ. "ಆಯ್ತು ಕಣೇ ತೆಕ್ಲಾ, ಕೋಟು ಬಿಚ್ಚಲ್ಲ," ಎಂದು ಸತ್ತ ಹೆಂಡತಿಯ ಮಾತಿಗೆ ತಲೆಯಾಡಿಸುತ್ತಾರೆ. ಸಂಜೆ ಕಸ ಗುಡಿಸಿ ಕುರ್ಚಿ ಪೇರಿಸುವ ಎರ್ಸಿಲಿಯಾಳ ಕೈಗೆ ಮೇಷ್ಟ್ರ ಎದುರಿಗಿದ್ದ ಆ ಒಂದು ಕುರ್ಚಿ ಮಾತ್ರ ಬೆಚ್ಚಗೆ ತಾಗುತ್ತದೆ. ಚಳಿಗಾಲದಲ್ಲಿ ಗಂಡ ತೀರಿಹೋದಮೇಲೆ ಅವಳಿಗೆ ಬೇಕಿದ್ದುದು ಅವನದೊಂದು ಮಾತು. ಈ ಸಲ ತಡೆಯಲಾರದೆ ಕೇಳಿದಳು: "ಮೇಷ್ಟ್ರೇ, ನಮ್ಮವರನ್ನೂ ಒಂದ್ಸಲ ಕರೀತೀರಾ?" ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಕರೆಯೋದೇನಮ್ಮ, ದಿನಾ ಬರ್ತಾರೆ. ನೀನು ಕುರ್ಚಿ ಎಲ್ಲಾ ಎತ್ತಿಟ್ಟುಬಿಡ್ತೀಯಂತೆ. ಬಾಗಿಲ ಹತ್ರಾನೇ ನಿಂತಿರ್ತಾರೆ," ಎಂದರು. ಎರ್ಸಿಲಿಯಾ ಬಾಗಿಲ ಕಡೆ ನೋಡಲಿಲ್ಲ. ಪೇರಿಸಿದ್ದರಲ್ಲಿ ಒಂದು ಕುರ್ಚಿ ಇಳಿಸಿ, ಧೂಳು ಒರೆಸಿ, ಆ ಕಡೆಗೆ ಮೆಲ್ಲಗೆ ತಳ್ಳಿದಳು.