ದರ್ಜಿ ಚೈನು ಒರೆಸಿದ ದಿನ

"ಮೆಕ್ಯಾನಿಕ್ ಯಾಕೆ ಬೇಕೇ? ಸೈಡ್ ಸ್ಟ್ಯಾಂಡ್ ಹಾಕಿ, ಗಾಡೀನ ಅದರ ಮೇಲೆ ವಾಲಿಸಿ, ಈ ಕಡೆ ಚಕ್ರ ಹಿಡಿದಿರೋ ರಾಡಿನ ಕೆಳಗೆ ಗಟ್ಟಿ ದೊಣ್ಣೆ ಊರಿದ್ರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಆಮೇಲೆ ತಿರುಗಿಸ್ತಾ ಚೈನ್ ಒರೆಸೋದು, ಎಣ್ಣೆ ಬಿಡೋದು. ಮೂವತ್ತು ವರ್ಷ ಹೊಲಿಗೆ ಮೆಷಿನ್ ಸಾಕಿದೋನಿಗೆ ಇದೇನು ಮಹಾ!"

ಹೀಗೆಂದ ದರ್ಜಿ ಅಂಗಳದಲ್ಲಿ ತನ್ನ ಬೈಕಿನ ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿಯೇಬಿಟ್ಟ. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ಮೆಚ್ಚುಗೆಯಾಯಿತು. ಆದರೆ ಕೈಯಲ್ಲಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಅವನಿಗೆ ಬೇಜಾರು. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ಓಡುವ ಚೈನಿಗೆ ಬಟ್ಟೆ ಒತ್ತಿದ.

ಕಣ್ಣು ಮಿಟುಕಿಸುವುದರೊಳಗೆ ಚೈನು ಬಟ್ಟೆಯನ್ನು ಕಸಿದು ಹಲ್ಲುಚಕ್ರದೊಳಕ್ಕೆ ಎಳೆದುಕೊಂಡಿತು. ದರ್ಜಿ ಚೀರಿ ಹಿಂದಕ್ಕೆ ಬಿದ್ದ. ಹೆಂಡತಿ ಓಡಿಬಂದು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಅವನು ಬಲಗೈಯನ್ನು ಮುಷ್ಟಿ ಮಾಡಿ ಎದೆಗೊತ್ತಿಕೊಂಡಿದ್ದ.

"ಕೈ ತೋರ್ಸಿ!"

"ನೀನೇ ಬಿಡಿಸಿ ನೋಡೇ. ನಂಗೆ ಧೈರ್ಯ ಇಲ್ಲ."

ಮನೆಮಂದಿಯ ಹೊಟ್ಟೆ ತುಂಬಿಸುವ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸಿದಳು. ಐದೂ ಇದ್ದವು. ತೋರುಬೆರಳಿನ ತುದಿ ಮಾತ್ರ ತರಚಿತ್ತು.

"ಓಡೋ ಸೂಜಿ ಕೆಳಗೆ ಬೆರಳಿಡ್ತೀರೇನ್ರೀ?"

"ಇಲ್ಲ ಕಣೇ."

ಅವಳು ಗಾಡಿಯ ಕೀಲಿ ತೆಗೆದುಕೊಂಡು ಒಳಗೆ ಹೋಗಿ, ಮೊರ ಹಿಡಿದು ಅಕ್ಕಿ ಆರಿಸಲು ಕೂತಳು. ಕಲ್ಲು ಯಾವುದು, ಅಕ್ಕಿ ಯಾವುದು ಎಂದು ತುಂಬಾ ಹೊತ್ತು ಕಣ್ಣಿಗೆ ತಿಳಿಯಲಿಲ್ಲ.