ಹತ್ತಿ ಅಟ್ಟದ ಮನೆ

ಈಗ ದೊಡ್ಡ ಊರುಗಳಲ್ಲಿ ಹಳೆಯ ಕಾರ್ಖಾನೆಗಳನ್ನು ಮನೆ ಮಾಡಿ, ಕಬ್ಬಿಣದ ತೊಲೆಗಳನ್ನು ಹಾಗೇ ಕಾಣುವಂತೆ ಬಿಟ್ಟು, ಅದನ್ನೇ ಶೋಕಿ ಎಂದು ಮಾರುತ್ತಾರಂತೆ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಅಂಥದೊಂದರ ಫೋಟೋ ತೋರಿಸಿ "ಎಷ್ಟ್ ಚಂದ ಐತಿ ನೋಡ್ರಿ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಅಂಥ ಮನೆಯಲ್ಲಿ ನಾವು ಐದು ವರ್ಷ ಇದ್ದೆವು. ಶೋಕಿಗಲ್ಲ, ಅಪ್ಪನ ಹಟಕ್ಕೆ.

ಅದು ಗೋಕಾಕದಲ್ಲಿದ್ದ ಒಂದು ಹತ್ತಿ ಕಾರ್ಖಾನೆ. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಜಿನ್ ಎನ್ನುತ್ತಾರೆ. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಬೆಲ್ಲದ ಬಾಗೇವಾಡಿ ಬಿಟ್ಟು ಬಂದು ಆ ಜಿನ್ನಿನ ಮಷೀನಿನ ಮುಂದೆ ನಿಂತವನು, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದು ಮುಚ್ಚುವವರೆಗೂ ನಿಂತೇ ಇದ್ದ. ಆಮೇಲೆ ಒಬ್ಬ ಗುತ್ತಿಗೆದಾರ ಕಟ್ಟಡ ಕೊಂಡು, ಮಷೀನುಗಳನ್ನು ಗುಜರಿಗೆ ಹಾಕಿ, ಒಳಗೆ ಗೋಡೆ ಎಬ್ಬಿಸಿ ಮನೆಗಳೆಂದು ಮಾರಿದ. ಮೇಲೆ ಹತ್ತಿ ಒಟ್ಟುತ್ತಿದ್ದ ಹಲಗೆಯ ಅಟ್ಟವಿತ್ತು. ಬೀಡಿ ಹಚ್ಚಿಯಾರೆಂದು ಮಾಲಕರು ಕೆಲಸಗಾರರನ್ನು ಅಲ್ಲಿ ಕೂರಲು ಬಿಡುತ್ತಿರಲಿಲ್ಲ. ಅಪ್ಪ ಕೈಯಲ್ಲಿದ್ದುದನ್ನೆಲ್ಲ ಸುರಿದು ಅಟ್ಟದ ಒಂದು ಮೂಲೆಯನ್ನೇ ಕೊಂಡ. "ಇಲ್ಲಿ ಒಂದ್ ತಾಸ್ ಮಲಗಾಕ ಜೀವಮಾನ ಎಲ್ಲಾ ಆಸೆ ಪಟ್ಟೇನಿ. ಇನ್ನ ಯಾರ್ ಎಬ್ಬಸ್ತಾರ ನೋಡೂಣು" ಎಂದು ಮೊದಲ ದಿನ ಕಾಲು ಚಾಚಿ ಮಲಗಿದ. ಅವ್ವ ಮಾತ್ರ ಆ ಕಡಿದಾದ ಮೆಟ್ಟಿಲುಗಳನ್ನು ನೋಡಿ, ಹಣೆ ಹಣೆ ಬಡಿದುಕೊಂಡಳು.

ಮನೆ ಅನ್ನುವುದಕ್ಕೆ ಅದಕ್ಕಿದ್ದದ್ದು ಬಾಗಿಲೊಂದೇ. ತೊಲೆಗೆ ಕೈ ಹಚ್ಚಿದರೆ ಮೇಲಿನ ತಗಡೇ ಕುಸಿದೀತೆಂದು ಹೆದರಿದ ಆ ಗುತ್ತಿಗೆದಾರ ಪುಣ್ಯಾತ್ಮ ಗೋಡೆಗಳನ್ನು ಆಳೆತ್ತರಕ್ಕಿಂತ ಚೂರು ಮೇಲೆ ನಿಲ್ಲಿಸಿಬಿಟ್ಟಿದ್ದ. ಮೇಲಿನ ಮೂರು ಸಂಸಾರಗಳಿಗೆ ಮಾಡು ಒಂದೇ, ಗಾಳಿ ಒಂದೇ. ಬಾಜೂ ಮನೆಯ ಜೈನರು ಹೊತ್ತು ಮುಳುಗುವ ಮೊದಲೇ ಉಣ್ಣುತ್ತಿದ್ದರು. ಅವರ ತಾಟಿನ ಸಪ್ಪಳ ಕೇಳಿ ನಾವು ಸಂಜೆಯಾಯಿತೆಂದು ತಿಳಿಯುತ್ತಿದ್ದೆವು. ಯಾರು ಯಾರ ಮೇಲೆ ಸಿಟ್ಟಾದರು, ಯಾರ ಹೊಟ್ಟೆ ಕೆಟ್ಟಿತು, ಎಲ್ಲರಿಗೂ ಎಲ್ಲ ಗೊತ್ತು. ಅದಕ್ಕೆ ನಾನೂ ಅವ್ವನೂ ಮನೆಯ ಮಾತು ಬಂದರೆ ಎದುರುಬದುರು ಕೂತು, ದನಿ ತೆಗೆಯದೆ, ತುಟಿಯಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಂಡೆವು.

ಅಪ್ಪನಿಗೆ ಆ ಚಿಂತೆ ಇರಲಿಲ್ಲ. ಮಷೀನಿನ ಅಬ್ಬರಕ್ಕೆ ಅವನ ಕಿವಿ ಎರಡೂ ಹೋಗಿದ್ದವು. ಅವನು ಆಡಿದ್ದು ಕೆಳಗಿನ ಓಣಿಗೂ ಕೇಳುತ್ತಿತ್ತು. ಅವನಿಗೆ ಏನಾದರೂ ಹೇಳಬೇಕಾದರೆ ನಾವು ಮುಖದ ಮುಂದೆ ನಿಂತು ಒದರುತ್ತಿದ್ದೆವು.

ನಾಲ್ಕನೆಯ ವರ್ಷ ಅಪ್ಪನ ಕೆಮ್ಮು ವಿಪರೀತವಾಯಿತು. ಬೆಳಗಾವಿಯ ದವಾಖಾನೆಗೆ ಕರೆದುಕೊಂಡು ಹೋದೆ. ಎದೆಯ ಫೋಟೋ ತೆಗೆಸಿ ನೋಡಿದ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೇ ಹೇಳಿದರು. "ಇಷ್ಟು ವರ್ಷದ ಹತ್ತಿ ಧೂಳ ಎದಿಯೊಳಗ ಕೂತೈತ್ರಿ. ಔಷಧ ಕೊಡ್ತೀನಿ. ಖರೆ, ಬಾಳ ಆಸೆ ಇಟ್ಕೋಬ್ಯಾಡ್ರಿ."

ಹೊರಗೆ ಬಂದು ಅಪ್ಪನ ಮುಂದೆ ನಿಂತು, "ಬರೇ ಧೂಳಿನ ಕೆಮ್ಮಂತ, ಆರಾಮ ಆಗ್ತೈತಿ" ಎಂದು ಒದರಿದೆ. ಕೂತಿದ್ದ ಮಂದಿಯೆಲ್ಲ ತಿರುಗಿ ನೋಡಿದರು.

ಅಂದು ಸಂಜೆ ಒಲೆಯ ಮುಂದೆ ಅವ್ವನಿಗೆ ನಿಜ ಹೇಳಿದೆ, ದನಿಯಿಲ್ಲದೆ. ಅಪ್ಪ ನಾಲ್ಕು ಮಾರು ಆಚೆ ಹಾಸಿಗೆಯ ಮೇಲೆ ನಮ್ಮ ಕಡೆ ನೋಡುತ್ತ ಕೂತಿದ್ದ. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ತೆಗೆದು, "ಅವರಿಗೆ ಹೇಳಬ್ಯಾಡ. ತಿಳೀತಂದ್ರ ಇವತ್ತ ಹಾಸಿಗಿ ಹಿಡೀತಾರ" ಎಂದಳು, ಅವಳೂ ದನಿಯಿಲ್ಲದೆ. ಗೋಡೆಯಾಚೆಯ ಮಂದಿಗೆ ಒಂದಕ್ಷರ ಕೇಳಿಸಲಿಲ್ಲವಲ್ಲ ಎಂಬ ಸಮಾಧಾನ ನಮಗೆ.

ನಾನು ಆಗ ಮೂಡಲಗಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೆ. ಬೆಳಗ್ಗೆ ಬಸ್ಸು, ಸಂಜೆ ಬಸ್ಸು, ಬಂದ ಮೇಲೆ ಅಪ್ಪನ ಉಗುಳುವ ಡಬ್ಬಿ ತೊಳೆಯುವುದು, ಅವನ ಬೆನ್ನು ತಿಕ್ಕುವುದು. ಬೇಸಿಗೆಯಲ್ಲಿ ತಗಡು ಕಾದು ಅಟ್ಟದೊಳಗೆ ಉಸಿರಾಡುವುದೇ ಕಷ್ಟ. ತೊಲೆಗಳ ಸಂದಿನಿಂದ ಇನ್ನೂ ಹತ್ತಿಯ ಎಳೆ ಉದುರುತ್ತಿತ್ತು. ನಾನು ಮೊದಲೇ ಸಿಡುಕಿ. ಒಂದು ದಿನ ಬ್ಯಾಗು ಎಸೆದು, ಅವ್ವನ ಎದುರು ಕುಕ್ಕರಿಸಿ, ತುಟಿಯಲ್ಲೇ ಹೇಳಿದೆ. "ಇನ್ನ ಎಷ್ಟ್ ದಿನ ಇದು? ಮಳಿಗಾಲಕ್ಕ ಮೊದಲ ಮುಗದ್ರ ಚೊಲೊ. ಈ ದರಿದ್ರ ಅಟ್ಟಾ ಮಾರಿ ಹುಕ್ಕೇರಿಗೆ ಹೋಗಿಬಿಡೂಣು."

ಹುಕ್ಕೇರಿ ಅವ್ವನ ತವರು. ಅವ್ವ ನನ್ನ ತೊಡೆಗೆ ಒಂದು ಏಟು ಹಾಕಿದಳು, ಆದರೆ ಬೇಡ ಅನ್ನಲಿಲ್ಲ. ಅಪ್ಪ ನೀರು ಕೇಳಿದ. ಕೊಟ್ಟೆ. ಕುಡಿದು ಆ ಕಡೆ ಹೊರಳಿ ಮಲಗಿದ.

ಎರಡು ವಾರದ ಮೇಲೆ ಯಮಕನಮರಡಿಯಿಂದ ಒಬ್ಬ ಹೆಂಗಸು ಅಪ್ಪನನ್ನು ನೋಡಲು ಬಂದಳು. ಜಿನ್ನಿನಲ್ಲಿ ಅಪ್ಪನ ಎದುರು ಸಾಲಿನ ಮಷೀನಿಗೆ ಹತ್ತಿ ಹಾಕುತ್ತಿದ್ದವಳು. ಅಪ್ಪನಿಗೆ ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಅತ್ತಿ. ಮೆಟ್ಟಿಲು ಹತ್ತಿ ದಣಿದು ಹೊಸ್ತಿಲಲ್ಲೇ ಕೂತಳು. ಅವ್ವ ಚಹಾಕ್ಕಿಟ್ಟಳು. ಅಪ್ಪ ಗೋಡೆಗೊರಗಿ ಎದ್ದು ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರ ತುಟಿಗಳೂ ಆಡತೊಡಗಿದವು. ಒಂದು ಶಬ್ದವಿಲ್ಲ. ಓಣಿಗೆಲ್ಲ ಕೇಳುವಂತೆ ಮಾತಾಡುವ ನನ್ನಪ್ಪ ಅಷ್ಟು ಹೊತ್ತು ಸದ್ದೇ ಇಲ್ಲದೆ ಮಾತಾಡಿದ. ನಡುವೆ ಒಮ್ಮೆ ನಕ್ಕ ಕೂಡ. ಅವನು ನಕ್ಕು ಎಷ್ಟು ತಿಂಗಳಾಗಿತ್ತೋ.

ಬಸ್ ಸ್ಟ್ಯಾಂಡಿನವರೆಗೆ ಅತ್ತಿಯನ್ನು ಕಳಿಸಲು ಹೋದೆ. "ಅತ್ತೀ, ಒಂದ್ ಶಬ್ದಾನೂ ಬರಲಿಲ್ಲ. ಅದೇನ್ ಮಾತಾಡಿದ್ರಿ?" ಎಂದು ಕೇಳಿದೆ.

"ಅಯ್ಯ ತಂಗಿ, ಜಿನ್ನದಾಗ ಶಬ್ದ ಯಾರಿಗ್ ಕೇಳ್ತಿತ್ತು? ಮಷೀನ ಚಾಲೂ ಆತಂದ್ರ ಕಿವ್ಯಾಗ ಒದರಿದ್ರೂ ಕೇಳ್ತಿದ್ದಿಲ್ಲ. ತುಟಿ ನೋಡೇ ನಮ್ಮ ಮಾತು. ನಿಮ್ಮಪ್ಪ ಅಂತೂ ಆ ತುದಿ ಬಾಗಲದಾಗ ಮಾಲಕರು ಏನ್ ಮಾತಾಡಾಕತ್ತಾರ ಅಂತ ಈ ತುದಿಯಿಂದ ಹೇಳಾಂವ."

ನಾನು ಅಲ್ಲೇ ನಿಂತುಬಿಟ್ಟೆ. "ಅಪ್ಪ ಏನಂದ್ರು?" ಎಂದೆ.

ಅವಳು ನನ್ನ ಮುಖ ನೋಡದೆ ಬಸ್ಸಿನ ಕಡೆ ನೋಡಿದಳು. "ಬಾಳ ದಿನಾ ಇಲ್ಲಂತ ಅವಗ ಗೊತ್ತೈತಿ. ಮನ್ಯಾಗ ಹೇಳ್ಯಾರ ಅಂದ."

ಒದರಿ ಹೇಳಿದ ಸುಳ್ಳನ್ನು ಅವನು ಎಷ್ಟು ಕೇಳಿದನೋ ಬಿಟ್ಟನೋ. ದನಿಯಿಲ್ಲದೆ ಆಡಿದ ನಿಜವನ್ನಂತೂ ಒಂದಕ್ಷರ ಬಿಡದೆ ಓದಿದ್ದ. ತನಗೆ ಹೇಳದ ಮಾತಿಗೆ ಉತ್ತರ ಕೊಡುವ ಸ್ವಭಾವ ಅಪ್ಪನದಲ್ಲ, ಅದಕ್ಕೆ ನಮಗೆ ಗೊತ್ತಾಗಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತೆ. ಮಳೆಗಾಲಕ್ಕೆ ಮೊದಲು ಮುಗಿಯಲಿ ಎಂದದ್ದು ನಾನು. ಮಗಳಿರಲಿ, ಯಾವ ವೈರಿಯೂ ಅವನ ಕಣ್ಣೆದುರು ಹಾಗೆ ಅಂದಿರಲಿಲ್ಲ. ನಾಚಿಕೆಯಿಂದ ಎದ್ದು ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಜನ ನೋಡುತ್ತಿದ್ದರೂ ಅತ್ತೆ.

ಮನೆಗೆ ಬಂದಾಗ ಅವ್ವ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಮುಂದೆ ಕೂತೆ. ದನಿ ತೆಗೆಯದೆ, "ಅಪ್ಪಾ, ನಂದು ತಪ್ಪಾತು" ಎಂದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮುಗಿಯುವವರೆಗೂ ನೋಡಿ, ನನ್ನ ಮಣಿಕಟ್ಟು ಹಿಡಿದುಕೊಂಡ. ಒಮ್ಮೆ ಅವ್ವನ ಬೆನ್ನಿನ ಕಡೆ, ಒಮ್ಮೆ ಮೇಲಿನ ತೊಲೆಗಳ ಕಡೆ ನೋಡಿ ಏನೋ ಹೇಳಿದ. ಸದ್ದಿಲ್ಲದೆ, ನಿಧಾನವಾಗಿ. ಅವ್ವನ ತುಟಿಗಷ್ಟೇ ಪಳಗಿದ್ದ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ, ಇನ್ನೂ ನಿಧಾನವಾಗಿ. ಆಗಲೂ ತಿಳಿಯಲಿಲ್ಲ. ಬಾಯಿಬಿಟ್ಟು ಹೇಳೆಂದರೆ ಅವ್ವನಿಗೆ ಕೇಳುತ್ತದೆ, ಮೂರೂ ಮನೆಗೆ ಕೇಳುತ್ತದೆ. ಅವನ ಹಣೆಯ ಮೇಲೆ ಬೆವರಿತ್ತು. ನಾನು ತಿಳಿಯಿತೆನ್ನುವಂತೆ ತಲೆ ಆಡಿಸಿಬಿಟ್ಟೆ. ಅಪ್ಪ ಕೈ ಬಿಟ್ಟು ಕಣ್ಣು ಮುಚ್ಚಿದ. ದೊಡ್ಡ ಭಾರ ಇಳಿಸಿದವನ ಹಾಗೆ ಅಂದು ಚೆನ್ನಾಗಿ ನಿದ್ದೆ ಮಾಡಿದ.

ಮಳೆ ಹಿಡಿಯುವ ಮೊದಲೇ ಹೋದ. ಮಣ್ಣು ಕೊಡಲು ಬಂದ ಅತ್ತಿಯನ್ನು ಬದಿಗೆ ಕರೆದು, ನೆನಪಿದ್ದ ಹಾಗೆ ಅಪ್ಪನ ತುಟಿಯಂತೆ ತುಟಿ ಆಡಿಸಿ ತೋರಿಸಿದೆ. ಅವಳು ಮೂರು ಸಲ ನೋಡಿ ತಲೆ ಅಲ್ಲಾಡಿಸಿದಳು. "ಅವನ ತುಟಿ ಬ್ಯಾರೆ, ನಿನ್ನ ತುಟಿ ಬ್ಯಾರೆ ತಂಗಿ. ತಿಳೀವಲ್ದು."

ಆ ವರ್ಷವೇ ಅಟ್ಟ ಮಾರಿ ಅವ್ವನನ್ನು ಹುಕ್ಕೇರಿಗೆ ಕರೆದೊಯ್ದೆ. ಮಾರಬೇಡ ಎಂದಿದ್ದನೋ, ಅವ್ವನನ್ನು ಕರೆದುಕೊಂಡು ಹೋಗು ಎಂದಿದ್ದನೋ. ನಾನಂತೂ ಆಗಲಿ ಎಂದು ತಲೆ ಆಡಿಸಿದ್ದೆ, ಅವನು ನಂಬಿದ್ದ.